ಹಲ್ಲಿನೊಳಗೆ ಉಳಿದ ಊರು

ಒಂದು ಹಳೆಯ ಗೋರಿ ತೆರೆದಿದ್ದಾರೆ ಅಂದುಕೊಳ್ಳಿ. ನಾಲ್ಕು ಸಾವಿರ ವರ್ಷದ ಹಿಂದಿನದು. ಒಳಗೆ ಒಂದಷ್ಟು ಮೂಳೆ, ಹಲ್ಲು, ತಲೆಯ ಹತ್ತಿರ ಒಂದು ಮಡಕೆ. ಮಡಕೆಯ ಮೇಲಿನ ಗೀರು ಚಿತ್ತಾರ ಆ ಸೀಮೆಯದಲ್ಲ. ನೂರಾರು ಕಿಲೋಮೀಟರ್ ಆಚೆಯ ನಾಡಿನದು. ಹಾಗಾದರೆ ದೂರದಿಂದ ಬಂದದ್ದು ಮನುಷ್ಯನೋ, ಮಡಕೆಯೋ? ಅಥವಾ ಮನುಷ್ಯ, ಮಡಕೆ ಎರಡೂ ಇಲ್ಲಿಯದೇ ಆಗಿದ್ದು, ಚಿತ್ತಾರ ಮಾತ್ರ ಯಾರನ್ನೋ ನೋಡಿ ಕಲಿತದ್ದೋ?

ಪುರಾತತ್ವದವರು ಈ ವಿಷಯಕ್ಕೆ ತುಂಬಾ ವರ್ಷ ಜಗಳ ಆಡಿದ್ದಾರೆ. ಒಂದು ಕಾಲದಲ್ಲಿ ಮಡಕೆ ಬದಲಾದರೆ ಸಾಕು, ಹೊಸ ಜನ ಬಂದರು ಅಂತ ಬರೆದುಬಿಡುತ್ತಿದ್ದರು. ಆಮೇಲೆ ಗಾಳಿ ತಿರುಗಿತು. ಜನ ಅಷ್ಟೇನೂ ಓಡಾಡಲಿಲ್ಲ, ಓಡಾಡಿದ್ದು ವಸ್ತುಗಳು ಮತ್ತು ರೂಢಿಗಳು ಅಂದರು. ತಮಾಷೆ ಅಂದರೆ ಎರಡೂ ಕಡೆಯವರಿಗೆ ಸಾಕ್ಷಿ ಅದೇ ಮಡಕೆ. ಸತ್ತವನನ್ನೇ ಕೇಳುವ ದಾರಿ ಇರಲಿಲ್ಲ.

1985ರಲ್ಲಿ ಜೊನಾಥನ್ ಎರಿಕ್ಸನ್ ಎಂಬ ಅಮೆರಿಕದ ಸಂಶೋಧಕರು ಒಂದು ದಾರಿ ಸೂಚಿಸಿದರು. ಹಲ್ಲು ಮತ್ತು ಮೂಳೆಯಲ್ಲಿರುವ ಸ್ಟ್ರಾನ್ಷಿಯಂ ಎಂಬ ಲೋಹದ ಐಸೋಟೋಪುಗಳನ್ನು, ಅಂದರೆ ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳನ್ನು ಅಳೆದರೆ, ಆ ಮನುಷ್ಯ ಯಾವ ಬಗೆಯ ನೆಲದ ಮೇಲೆ ಬೆಳೆದ ಅನ್ನುವುದು ಗೊತ್ತಾಗುತ್ತದೆ ಅಂದರು. ಈಗ ಇದು ಪುರಾತತ್ವದಲ್ಲಿ ಮಾಮೂಲಿ ಪರೀಕ್ಷೆ. ಸುದ್ದಿಯಲ್ಲಿ ಓದಿದರೆ ಹಲ್ಲು ಅನ್ನುವುದು ಸತ್ತವರ ಪಾಸ್‌ಪೋರ್ಟ್ ಏನೋ ಅನ್ನಿಸಬೇಕು, ಹಾಗೆ ಬರೆದಿರುತ್ತಾರೆ. ನನಗೆ ಈ ಹೋಲಿಕೆ ಸರಿ ಅನ್ನಿಸುವುದಿಲ್ಲ. ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು ಇರುತ್ತದೆ. ಹಲ್ಲಿನಲ್ಲಿ ಇರುವುದು ಒಂದು ಸಂಖ್ಯೆ, ಅಷ್ಟೇ. ಆ ಸಂಖ್ಯೆಯಿಂದ ಊರಿಗೆ ಹೋಗುವ ದಾರಿಯಲ್ಲೇ ಎಲ್ಲ ತಕರಾರೂ ಇರುವುದು.

ಕಲ್ಲಿನಿಂದ ಶುರು ಮಾಡೋಣ

ಪಟಾಕಿಗೆ ಕೆಂಪು ಬಣ್ಣ ಕೊಡುತ್ತದಲ್ಲ, ಅದೇ ಸ್ಟ್ರಾನ್ಷಿಯಂ. ಸ್ಕಾಟ್‌ಲೆಂಡಿನ ಸ್ಟ್ರಾನ್ಷಿಯನ್ ಎಂಬ ಹಳ್ಳಿಯ ಸೀಸದ ಗಣಿಯಲ್ಲಿ ಸಿಕ್ಕ ಕಲ್ಲಿನಿಂದ ಅದಕ್ಕೆ ಈ ಹೆಸರು ಬಂತು. ಧಾತುಗಳ ಕೋಷ್ಟಕದಲ್ಲಿ ಇದರ ಜಾಗ ಕ್ಯಾಲ್ಸಿಯಂನ ನೇರ ಕೆಳಗೆ. ಒಂದೇ ಕಂಬಸಾಲಿನವು ಅಂದರೆ ಸ್ವಭಾವವೂ ಹೆಚ್ಚು ಕಡಿಮೆ ಒಂದೇ. ಪರಮಾಣುವಿನ ಗಾತ್ರ ಮಾತ್ರ ಸ್ವಲ್ಪ ದೊಡ್ಡದು. ಹಾಗಾಗಿ ಹಲ್ಲು, ಮೂಳೆ ಕಟ್ಟುವಾಗ ಕ್ಯಾಲ್ಸಿಯಂ ಕೂರಬೇಕಾದ ಜಾಗದಲ್ಲಿ ಅಲ್ಲೊಂದು ಇಲ್ಲೊಂದು ಸ್ಟ್ರಾನ್ಷಿಯಂ ಕೂತುಬಿಡುತ್ತದೆ. ಅದರಿಂದ ದೇಹಕ್ಕೆ ತೊಂದರೆ ಏನಿಲ್ಲ. ನಿಮ್ಮ ಹಲ್ಲಿನಲ್ಲೂ ಇದೆ, ನನ್ನದರಲ್ಲೂ ಇದೆ.

ಸ್ಟ್ರಾನ್ಷಿಯಂ ಅಂದ ಕೂಡಲೇ ಕೆಲವರಿಗೆ ಅಣುಬಾಂಬ್ ನೆನಪಾಗುತ್ತದೆ. ಅದು ಸ್ಟ್ರಾನ್ಷಿಯಂ-90. ಬಾಂಬ್ ಸಿಡಿದಾಗ ಹುಟ್ಟುವ, ವಿಕಿರಣ ಸೂಸುವ ಬೇರೆ ಜಾತಿ. ಆದರೆ ಅದು ದೇಹಕ್ಕೆ ಸೇರುವ ದಾರಿ ಇದೇ. 1958ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಮಕ್ಕಳ ಬಿದ್ದ ಹಾಲುಹಲ್ಲುಗಳನ್ನು ಕೂಡಿಸಲು ಶುರು ಮಾಡಿದರು. ಸುಮಾರು ಮೂರು ಲಕ್ಷ ಹಲ್ಲು ಬಂದವು. ಬಾಂಬ್ ಪರೀಕ್ಷೆಯ ಧೂಳು ಹುಲ್ಲಿಗೆ, ಹುಲ್ಲಿನಿಂದ ಹಾಲಿಗೆ, ಹಾಲಿನಿಂದ ಮಗುವಿನ ಹಲ್ಲಿಗೆ ಬಂದಿತ್ತು. ಪುರಾತತ್ವದವರು ನಂಬಿರುವುದೂ ಇದೇ ಸರಪಳಿಯನ್ನು. ಅವರ ಸ್ಟ್ರಾನ್ಷಿಯಂ ಬಾಂಬಿನದಲ್ಲ, ಬಂಡೆಯದು.

ನೆಲದಲ್ಲಿ ಸಹಜವಾಗಿ ಸಿಗುವ ಸ್ಟ್ರಾನ್ಷಿಯಂನಲ್ಲಿ ನಾಲ್ಕು ಐಸೋಟೋಪ್ ಇವೆ: 84, 86, 87, 88. ನಾಲ್ಕೂ ಸ್ಥಿರ, ತಾವಾಗಿ ಒಡೆಯುವುದಿಲ್ಲ. ಇವುಗಳಲ್ಲಿ 87ಕ್ಕೆ ಮಾತ್ರ ಒಂದು ವಿಶೇಷ ಇದೆ. ಅದರ ಪ್ರಮಾಣ ಹೆಚ್ಚುತ್ತಾ ಹೋಗುತ್ತದೆ. ರುಬಿಡಿಯಂ-87 ಎಂಬ ಇನ್ನೊಂದು ಧಾತು ನಿಧಾನವಾಗಿ ಒಡೆದು ಸ್ಟ್ರಾನ್ಷಿಯಂ-87 ಆಗುತ್ತದೆ. ನಿಧಾನ ಅಂದರೆ ಎಷ್ಟು? ಇರುವ ರುಬಿಡಿಯಂನಲ್ಲಿ ಅರ್ಧ ಬದಲಾಗಲು ಸುಮಾರು 4,900 ಕೋಟಿ ವರ್ಷ ಬೇಕು. ವಿಶ್ವಕ್ಕೇ ಇನ್ನೂ 1,380 ಕೋಟಿ ವರ್ಷ ಅಷ್ಟೇ. ಹಾಗಾಗಿ ನಾಲ್ಕೈದು ಸಾವಿರ ವರ್ಷ ಅನ್ನುವುದು ಈ ಗಡಿಯಾರಕ್ಕೆ ಲೆಕ್ಕಕ್ಕೇ ಇಲ್ಲ. ಕಂಚಿನ ಯುಗದಲ್ಲಿ ಒಂದು ಬಂಡೆಯ ಸಂಖ್ಯೆ ಎಷ್ಟಿತ್ತೋ ಇವತ್ತೂ ಅಷ್ಟೇ.

ಒಂದು ಬಂಡೆಯಲ್ಲಿ ಸ್ಟ್ರಾನ್ಷಿಯಂ-87 ಎಷ್ಟಿದೆ ಅನ್ನುವುದು ಎರಡರ ಮೇಲೆ ನಿಂತಿದೆ: ಹುಟ್ಟುವಾಗ ಅದರಲ್ಲಿ ರುಬಿಡಿಯಂ ಎಷ್ಟಿತ್ತು, ಹುಟ್ಟಿ ಎಷ್ಟು ಕಾಲವಾಯಿತು. ರುಬಿಡಿಯಂ ಪೊಟ್ಯಾಸಿಯಂನ ಜೊತೆಗಾರ. ಪೊಟ್ಯಾಸಿಯಂ ಇರುವ ಖನಿಜಗಳಲ್ಲಿ, ಅಂದರೆ ಕಾಗೆಬಂಗಾರ ಅಂತೀವಲ್ಲ, ಆ ಮೈಕಾದಂಥವುಗಳಲ್ಲಿ ಸೇರಿಕೊಳ್ಳುತ್ತದೆ. ಹಾಗಾಗಿ ಹಳೆಯ ಗ್ರಾನೈಟ್ ನೆಲದಲ್ಲಿ 87 ಜಾಸ್ತಿ. ಭೂಮಿಯ ಒಳಗಿಂದ ಲಾವಾ ಆಗಿ ಬಂದ ಹೊಸ ಬಸಾಲ್ಟಿನಲ್ಲಿ ಕಡಿಮೆ. ಸುಣ್ಣಕಲ್ಲು ಸಮುದ್ರದಲ್ಲಿ ಹುಟ್ಟಿದ್ದು. ಅದು ಹುಟ್ಟಿದ ಕಾಲದಲ್ಲಿ ಸಮುದ್ರದ ನೀರಿನ ಸಂಖ್ಯೆ ಎಷ್ಟಿತ್ತೋ ಅದನ್ನೇ ಹೊತ್ತಿರುತ್ತದೆ.

ಅಳತೆಗೆ ಬಳಸುವುದು 87 ಮತ್ತು 86ರ ಅನುಪಾತ. 86 ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ, ಹಾಗಾಗಿ ಅದು ಒಳ್ಳೆಯ ಅಳತೆಗೋಲು. ಎಳೆಯ ಬಸಾಲ್ಟಿನಲ್ಲಿ ಈ ಅನುಪಾತ ಸುಮಾರು 0.703ರಿಂದ 0.706. ಸುಣ್ಣಕಲ್ಲಿನಲ್ಲಿ ಹೆಚ್ಚಾಗಿ 0.707ರಿಂದ 0.709. ಇವತ್ತಿನ ಸಮುದ್ರದಲ್ಲಿ, ಯಾವ ಮೂಲೆಯ ನೀರು ತಂದರೂ, 0.7092. ಹಳೆಯ ಗ್ರಾನೈಟ್ ಸೀಮೆಗಳಲ್ಲಿ 0.71 ದಾಟಿ 0.73, ಕೆಲವು ಕಡೆ ಇನ್ನೂ ಮೇಲೆ. ಎಲ್ಲ ಆಟವೂ ಮೂರನೇ ನಾಲ್ಕನೇ ದಶಾಂಶದಲ್ಲೇ. ನೋಡಲು ಏನೂ ಅಲ್ಲ ಅನ್ನಿಸುತ್ತದೆ. ಆದರೆ ಒಳ್ಳೆಯ ಯಂತ್ರ ಐದನೇ ದಶಾಂಶದವರೆಗೆ ನಂಬಿಕೆಯಿಂದ ಅಳೆಯುತ್ತದೆ. ಅದರ ಕಣ್ಣಿಗೆ 0.708 ಮತ್ತು 0.711ರ ನಡುವೆ ಆಕಾಶ ಭೂಮಿಯ ಅಂತರ.

ಬಂಡೆ ಪುಡಿಯಾಗಿ ಮಣ್ಣಾಗುತ್ತದೆ. ಮಣ್ಣಿನಿಂದ ಗಿಡ, ಗಿಡದಿಂದ ದನ, ಅಲ್ಲಿಂದ ಮನುಷ್ಯ. ಇಷ್ಟು ಕೈ ಬದಲಾದರೂ ಅನುಪಾತ ಮಾತ್ರ ಹಾಗೇ ಉಳಿಯುತ್ತದೆ. ಇದು ಈ ವಿಧಾನದ ಅದೃಷ್ಟ. ಆಕ್ಸಿಜನ್‌ನಂಥ ಹಗುರ ಧಾತುಗಳಲ್ಲಿ ಹೀಗಾಗುವುದಿಲ್ಲ. ನೀರು ಆವಿಯಾದರೂ ಸಾಕು, ಮಳೆ ಬಿದ್ದರೂ ಸಾಕು, ಭಾರದ ಮತ್ತು ಹಗುರದ ಆಕ್ಸಿಜನ್‌ಗಳ ಲೆಕ್ಕ ಏರುಪೇರಾಗುತ್ತದೆ. ಸ್ಟ್ರಾನ್ಷಿಯಂನ 86 ಮತ್ತು 87ರ ತೂಕದಲ್ಲಿ ವ್ಯತ್ಯಾಸ ಹೆಚ್ಚು ಕಡಿಮೆ ನೂರಕ್ಕೆ ಒಂದು. ಜೀರ್ಣಾಂಗಕ್ಕೆ ಅದು ತಿಳಿಯುವುದೇ ಇಲ್ಲ ಅನ್ನಬಹುದು. ಅಷ್ಟಿಷ್ಟು ಏರುಪೇರಾದರೂ ಅಳೆಯುವಾಗ ಲೆಕ್ಕದಲ್ಲಿ ಸರಿಪಡಿಸುತ್ತಾರೆ. "ಯಾವ ಊರಿನ ನೀರು ಕುಡಿದು ಬೆಳೆದವನು ಇವನು" ಅಂತ ನಾವು ಸುಮ್ನೆ ಮಾತಿಗೆ ಕೇಳುತ್ತೇವೆ. ಹಲ್ಲಿನ ಮಟ್ಟಿಗೆ ಅದು ಬರೀ ಮಾತಲ್ಲ.

ಯಾಕೆ ಹಲ್ಲೇ ಬೇಕು?

ಮೂಳೆ ಒಂದೇ ಸಮನೆ ಹಳತು ಕಳಚಿ ಹೊಸತು ಕಟ್ಟಿಕೊಳ್ಳುತ್ತಿರುತ್ತದೆ. ಪಕ್ಕೆಲುಬು ಬೇಗ, ತೊಡೆಮೂಳೆ ನಿಧಾನ. ಹಾಗಾಗಿ ಮೂಳೆಯಲ್ಲಿ ಇರುವುದು ಬದುಕಿನ ಕೊನೆಯ ಹತ್ತಾರು ವರ್ಷಗಳ ಸರಾಸರಿ. ಹಲ್ಲಿನ ಮೇಲಿನ ಬಿಳಿ ಹೊದಿಕೆ, ಅಂದರೆ ಎನಾಮಲ್, ಹಾಗಲ್ಲ. ಒಮ್ಮೆ ಕಟ್ಟಿ ಮುಗಿದ ಮೇಲೆ ಅದರೊಳಗೆ ಜೀವಕೋಶವೇ ಇರುವುದಿಲ್ಲ. ಸವೆಯಬಹುದು, ಒಡೆಯಬಹುದು, ಆದರೆ ಹೊಸದಾಗಿ ಬೆಳೆಯುವುದಿಲ್ಲ. ಅದು ಕಟ್ಟುವ ಹೊತ್ತಿನಲ್ಲಿ ಮಗು ಏನು ತಿಂದು ಏನು ಕುಡಿದಿತ್ತೋ, ಅದೇ ಸಾಯುವವರೆಗೂ ಉಳಿಯುತ್ತದೆ.

ಒಂದೊಂದು ಹಲ್ಲಿನ ಎನಾಮಲ್ ಒಂದೊಂದು ವಯಸ್ಸಿನಲ್ಲಿ ಕಟ್ಟುತ್ತದೆ. ಮೊದಲನೇ ದವಡೆಹಲ್ಲು ಹುಟ್ಟಿನಿಂದ ಸುಮಾರು ಮೂರು ವರ್ಷದೊಳಗೆ. ಎರಡನೆಯದು ಮೂರರಿಂದ ಏಳೆಂಟರವರೆಗೆ. ಬುದ್ಧಿಹಲ್ಲು ಹುಟ್ಟುವುದು ತಡವಾದರೂ ಅದರ ಎನಾಮಲ್ ಒಸಡಿನ ಕೆಳಗೆ ಎಂಟರಿಂದ ಹದಿನಾಲ್ಕರ ಆಸುಪಾಸಿನಲ್ಲೇ ತಯಾರಾಗಿರುತ್ತದೆ. ಮೂರೂ ಹಲ್ಲು ಸಿಕ್ಕರೆ ಒಬ್ಬನ ಬಾಲ್ಯದ ಮೂರು ಫೋಟೋ ಸಿಕ್ಕಂತೆ. ಮೊದಲೆರಡರ ಸಂಖ್ಯೆ ಒಂದು, ಮೂರನೆಯದರದ್ದು ಬೇರೆ ಅಂದರೆ, ಎಂಟು ವರ್ಷದ ಮೇಲೆ ಆ ಹುಡುಗ ನೆಲ ಬದಲಿಸಿದ್ದಾನೆ. ಒಂದು ಎಚ್ಚರಿಕೆ: ಮೊದಲ ದವಡೆಹಲ್ಲು ಎದೆಹಾಲಿನ ಕಾಲದ್ದು. ತಾಯಿ ಬೇರೆ ಕಡೆಯಿಂದ ಆಗಷ್ಟೇ ಬಂದವಳಾಗಿದ್ದರೆ ಅವಳ ಮೂಳೆಯಲ್ಲಿದ್ದ ಹಳೆಯ ಊರೂ ಸ್ವಲ್ಪ ಮಗುವಿನ ಹಲ್ಲಿಗೆ ಇಳಿದಿರಬಹುದು.

ಎನಾಮಲ್ ಆರಿಸಲು ಇನ್ನೊಂದು ಕಾರಣ ಮಣ್ಣು. ಸಾವಿರಾರು ವರ್ಷ ನೆಲದಲ್ಲಿದ್ದ ಮೂಳೆ ಸ್ಪಂಜಿನಂತೆ ಸುತ್ತಲಿನ ನೀರನ್ನು ಹೀರಿಕೊಂಡಿರುತ್ತದೆ. ಅದರಲ್ಲಿ ಸಿಗುವ ಸ್ಟ್ರಾನ್ಷಿಯಂ ಬದುಕಿದ ಊರಿನದಲ್ಲ, ಹೂತ ಜಾಗದ್ದು. ಎನಾಮಲ್ ನೂರಕ್ಕೆ 96ರಷ್ಟು ಗಟ್ಟಿ ಖನಿಜ. ಅದರೊಳಗೆ ಮಣ್ಣಿನ ನೀರು ನುಗ್ಗುವುದು ಕಷ್ಟ.

ಪ್ರಯೋಗಾಲಯದ ಕೆಲಸ ನೋಡಲು ಏನೂ ಅಬ್ಬರವಿಲ್ಲದ್ದು. ವಜ್ರದ ಪುಡಿ ಅಂಟಿಸಿದ ಸಣ್ಣ ಬೈರಿಗೆಯಿಂದ ಹಲ್ಲಿನ ಮೇಲ್ಮೈಯನ್ನು ಉಜ್ಜಿ ತೆಗೆಯುತ್ತಾರೆ, ಯಾಕೆಂದರೆ ಹೊರಗಿನ ಪದರಕ್ಕೆ ಮಣ್ಣು ಸೋಕಿರುತ್ತದೆ. ಒಳಗಿನಿಂದ ಸಾಸಿವೆ ಕಾಳಿನಷ್ಟು ಎನಾಮಲ್ ಕತ್ತರಿಸುತ್ತಾರೆ, ಸುಮಾರು 10 ಮಿಲಿಗ್ರಾಂ. ಅದರಲ್ಲಿ ಇರುವ ಸ್ಟ್ರಾನ್ಷಿಯಂ ಒಂದು ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಭಾಗದ ಆಸುಪಾಸು. ಕೋಣೆಯ ಧೂಳಿನಿಂದಲೇ ಲೆಕ್ಕ ಕೆಡಬಹುದು. ಅದಕ್ಕೇ ಗಾಳಿಯನ್ನು ಸೋಸಿ ಬಿಡುವ ಕೋಣೆ ಬೇಕು.

ಚೂರನ್ನು ಆಸಿಡ್‌ನಲ್ಲಿ ಕರಗಿಸಿ, ನೈಟ್ರಿಕ್ ಆಸಿಡ್ ಜೊತೆ ರಾಳದ ಸಣ್ಣ ಮಣಿ ತುಂಬಿದ ಕೊಳವೆಯಲ್ಲಿ ಇಳಿಸುತ್ತಾರೆ. ಸ್ಟ್ರಾನ್ಷಿಯಂ ರಾಳಕ್ಕೆ ಅಂಟಿಕೊಳ್ಳುತ್ತದೆ, ಕ್ಯಾಲ್ಸಿಯಂ ಮತ್ತು ರುಬಿಡಿಯಂ ಜಾರಿಹೋಗುತ್ತವೆ. ಆಮೇಲೆ ಬರೀ ಶುದ್ಧ ನೀರು ಹಾಕಿದರೆ ಸ್ಟ್ರಾನ್ಷಿಯಂ ಕೈ ಬಿಟ್ಟು ಕೆಳಗೆ ಬರುತ್ತದೆ. ರುಬಿಡಿಯಂ ಹೋಗಲೇಬೇಕು. ಯಾಕೆ ಗೊತ್ತಾ? ಮಾಸ್ ಸ್ಪೆಕ್ಟ್ರೋಮೀಟರ್ ಅಳೆಯುವುದು ತೂಕವನ್ನು. ರುಬಿಡಿಯಂ-87 ಮತ್ತು ಸ್ಟ್ರಾನ್ಷಿಯಂ-87 ಎರಡರ ತೂಕವೂ 87. ತಂದೆ ಯಾರು, ಮಗ ಯಾರು ಅಂತ ಯಂತ್ರಕ್ಕೆ ಗೊತ್ತಾಗುವುದಿಲ್ಲ. ಇಷ್ಟೆಲ್ಲ ಮಾಡಿದ ಮೇಲೆ ಕೈಗೆ ಬರುವುದು ಒಂದು ಸಂಖ್ಯೆ.

ಸಂಖ್ಯೆಗೆ ಊರು ಹುಡುಕುವುದು

0.7118 ಬಂತು ಅನ್ನೋಣ. ಈಗ ಏನು? ಭೂಮಿಯ ಮೇಲೆ 0.7118 ಇರುವ ಜಾಗಗಳು ಒಂದೆರಡಲ್ಲ, ಬೇರೆ ಬೇರೆ ಖಂಡಗಳಲ್ಲಿವೆ. ಹಾಗಾಗಿ ಮೊದಲು ಕೇಳಬೇಕಾದ್ದು, ಗೋರಿ ಇದ್ದ ಜಾಗದ ಸಂಖ್ಯೆ ಎಷ್ಟು? ಅಲ್ಲಿ 0.708ರಿಂದ 0.7095ರವರೆಗೆ ಇದ್ದರೆ, ಈ ಹಲ್ಲಿನವನು ಅಲ್ಲಿ ಬೆಳೆದವನಲ್ಲ. ಇಷ್ಟು ಗಟ್ಟಿಯಾಗಿ ಹೇಳಬಹುದು. ಎಲ್ಲಿಂದ ಬಂದ ಅನ್ನುವುದು ಆಮೇಲಿನ ಊಹೆ, ಅದೂ ಹೊಂದುವ ಜಾಗಗಳ ಪಟ್ಟಿ. ಇನ್ನು ಸಂಖ್ಯೆ ಹೊಂದಿತು ಅಂದರೆ ಸ್ಥಳೀಯ ಅಂತ ಹೇಳಲೂ ಬರುವುದಿಲ್ಲ. ಅದೇ ಬಗೆಯ ನೆಲವಿರುವ ದೂರದ ಕಣಿವೆಯಿಂದ ಬಂದಿರಬಹುದು. ಸುಣ್ಣಕಲ್ಲಿನ ಒಂದು ನಾಡಿನಿಂದ ಸುಣ್ಣಕಲ್ಲಿನ ಇನ್ನೊಂದು ನಾಡಿಗೆ ಹೋದವನು ಈ ಪರೀಕ್ಷೆಯ ಕಣ್ಣಿಗೆ ಮನೆ ಬಿಟ್ಟೇ ಇಲ್ಲ.

ನೆಲದ ಸಂಖ್ಯೆ ತಿಳಿಯುವುದು ಸುಲಭ, ಭೂವಿಜ್ಞಾನದ ನಕ್ಷೆ ನೋಡಿದರೆ ಆಯಿತು ಅನ್ನಿಸಬಹುದು. ಆಗುವುದಿಲ್ಲ. ಗಿಡ ಹೀರುವುದು ಬಂಡೆಯಲ್ಲಿ ಇರುವುದನ್ನೆಲ್ಲ ಅಲ್ಲ, ನೀರಿನಲ್ಲಿ ಕರಗಿ ಬೇರಿಗೆ ಸಿಗುವುದನ್ನು. ಒಂದೇ ಬಂಡೆಯಲ್ಲಿ ಒಂದು ಖನಿಜ ಬೇಗ ಕರಗುತ್ತದೆ, ಇನ್ನೊಂದು ಜಪ್ಪಯ್ಯ ಅಂದರೂ ಕರಗುವುದಿಲ್ಲ. ಜೊತೆಗೆ ದೂರದಿಂದ ಗಾಳಿ ತಂದ ಧೂಳು, ಮಳೆ, ಕರಾವಳಿಯಲ್ಲಿ ಸಮುದ್ರದ ತುಂತುರು. ಹಾಗಾಗಿ ಸಂಶೋಧಕರು ಗಿಡದ ಎಲೆ, ಬಸವನಹುಳದ ಚಿಪ್ಪು, ಇಲಿಯಂಥ ಊರು ಬಿಡದ ಪ್ರಾಣಿಗಳ ಹಲ್ಲು, ಹೊಳೆ ನೀರು ಎಲ್ಲ ಕೂಡಿಸಿ ಅಳೆಯುತ್ತಾರೆ. ಇಲಿ ಇಲ್ಲಿ ಒಳ್ಳೆಯ ಸಾಕ್ಷಿ. ಅದು ಹುಟ್ಟಿದ ಹೊಲದ ಆಚೆ ಜಾಸ್ತಿ ದೂರ ಹೋಗುವುದಿಲ್ಲ, ಸುತ್ತಲಿನದ್ದನ್ನೆಲ್ಲ ತಿಂದು ಸರಾಸರಿ ತೆಗೆದುಕೊಟ್ಟಿರುತ್ತದೆ.

ಊಟದ ತೊಡಕೂ ಇದೆ. ದೇಹದ ಸ್ಟ್ರಾನ್ಷಿಯಂ ಹೆಚ್ಚಾಗಿ ಬರುವುದು ಸಸ್ಯಗಳಿಂದ, ಮಾಂಸದಲ್ಲಿ ಅದು ತೀರಾ ಕಡಿಮೆ. ಜೊತೆಗೆ ಸಮುದ್ರದ ಉಪ್ಪು, ಮೀನು ಜಾಸ್ತಿ ತಿಂದರೆ ಒಳನಾಡಿನವನ ಹಲ್ಲೂ 0.7092ರ ಕಡೆಗೆ ವಾಲಬಹುದು. ಗ್ವಾಟೆಮಾಲಾದ ಟಿಕಾಲ್ ಎಂಬ ಮಾಯಾ ನಗರದಲ್ಲಿ ಹೀಗೇ ಆಯಿತು. ಅಲ್ಲಿನವರ ಹಲ್ಲಿನ ಸಂಖ್ಯೆ ಅಲ್ಲಿನ ನೆಲಕ್ಕೆ ಸರಿಯಾಗಿ ಹೊಂದದಿದ್ದಾಗ, ಇಷ್ಟೊಂದು ವಲಸಿಗರೇ ಅನ್ನುವ ಮೊದಲು ಸಮುದ್ರದಿಂದ ತರಿಸಿದ ಉಪ್ಪಿನ ಲೆಕ್ಕ ಹಾಕಬೇಕಾಯಿತು. ಮನುಷ್ಯ ಅಲ್ಲೇ ಇದ್ದ, ಓಡಾಡಿದ್ದು ಉಪ್ಪು.

ಎಗ್ಟ್ವೆಡ್‌ನ ಹುಡುಗಿ

ನಕ್ಷೆ ತಪ್ಪಿದರೆ ಏನಾಗಬಹುದು ಅನ್ನುವುದಕ್ಕೆ ನಾನು ಯಾವಾಗಲೂ ನೆನೆಯುವುದು ಡೆನ್ಮಾರ್ಕಿನ ಈ ಹುಡುಗಿಯನ್ನು.

1921ರಲ್ಲಿ ಎಗ್ಟ್ವೆಡ್ ಹಳ್ಳಿಯ ಹತ್ತಿರ ಒಂದು ದಿಬ್ಬದೊಳಗೆ ಓಕ್ ಮರದ ದಿಮ್ಮಿ ಕೊರೆದು ಮಾಡಿದ ಶವಪೆಟ್ಟಿಗೆ ಸಿಕ್ಕಿತು. ಮರದ ಉಂಗುರ ಎಣಿಸಿ ಕ್ರಿ.ಪೂ. 1370 ಅಂತ ಹೇಳಿದ್ದಾರೆ. ಒಳಗಿದ್ದವಳಿಗೆ 16ರಿಂದ 18 ವರ್ಷ. ಮೂಳೆಗಳು ಹೆಚ್ಚು ಕಡಿಮೆ ಕರಗಿಹೋಗಿದ್ದವು. ಉಳಿದದ್ದು ಕೂದಲು, ಉಗುರು, ಹಲ್ಲಿನ ಎನಾಮಲ್ ಮತ್ತು ಉಣ್ಣೆಯ ಬಟ್ಟೆ. ದಾರಗಳನ್ನು ಇಳಿಬಿಟ್ಟ ಗಿಡ್ಡ ಲಂಗ, ಸೊಂಟಕ್ಕೆ ಕಂಚಿನ ದೊಡ್ಡ ಬಿಲ್ಲೆ. ಪೆಟ್ಟಿಗೆಯಲ್ಲಿ ಯಾರೋ ಇಟ್ಟ ಒಂದು ಹೂವು, ಬೇಸಿಗೆಯಲ್ಲಿ ಅರಳುವಂಥದ್ದು. ಜೊತೆಗೆ ಐದಾರು ವರ್ಷದ ಒಂದು ಮಗುವಿನ ಸುಟ್ಟ ಮೂಳೆ.

2015ರಲ್ಲಿ ಡೆನ್ಮಾರ್ಕಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಕಾರಿನ್ ಮಾರ್ಗರಿಟಾ ಫ್ರೈ ಮತ್ತು ಸಂಗಡಿಗರು ಅವಳ ಹಲ್ಲು, ಕೂದಲು, ಬಟ್ಟೆಗಳ ಸ್ಟ್ರಾನ್ಷಿಯಂ ಅಳೆದು ಪ್ರಕಟಿಸಿದರು. ಹಲ್ಲಿನ ಸಂಖ್ಯೆ ಡೆನ್ಮಾರ್ಕಿಗೆ ಹೊಂದಲಿಲ್ಲ. ಉಣ್ಣೆಯದೂ ಹೊರಗಿನದೇ. 23 ಸೆಂಟಿಮೀಟರ್ ಕೂದಲನ್ನು ತುಂಡು ತುಂಡಾಗಿ ಅಳೆದರು. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ, ಅಂದರೆ ಕೊನೆಯ ಎರಡು ವರ್ಷದ ದಿನಚರಿ. ಸಂಖ್ಯೆ ಏರಿ ಇಳಿದಿತ್ತು. ಅವಳು ಜರ್ಮನಿಯ ಕಪ್ಪು ಕಾಡಿನ ಕಡೆಯವಳಿರಬೇಕು, ಅಲ್ಲಿಗೂ ಡೆನ್ಮಾರ್ಕಿಗೂ ಓಡಾಡಿದ್ದಳು ಅಂತ ಹೇಳಿದರು. ಎಂಟುನೂರು ಕಿಲೋಮೀಟರ್! ಪತ್ರಿಕೆಗಳಿಗೆ ಹಬ್ಬ. ಕಂಚಿನ ಯುಗದ ಹುಡುಗಿಯೊಬ್ಬಳು ಮದುವೆಯಾಗಿ ದೂರ ದೇಶಕ್ಕೆ ಬಂದ ಕಥೆ ಲೋಕವೆಲ್ಲ ಸುತ್ತಿತು.

2019ರಲ್ಲಿ ಆರ್ಹುಸ್ ವಿಶ್ವವಿದ್ಯಾಲಯದ ಎರಿಕ್ ಥಾಮ್ಸನ್ ಮತ್ತು ರಾಸ್ಮುಸ್ ಆಂಡ್ರಿಯಾಸನ್ ಒಂದು ಸರಳ ಪ್ರಶ್ನೆ ಎತ್ತಿದರು. ಡೆನ್ಮಾರ್ಕಿನ ನೆಲದ ಸಂಖ್ಯೆ ಅಂತ ನೀವು ಹಿಡಿದಿರುವುದು ಇವತ್ತಿನ ನೀರಿನ ಸಂಖ್ಯೆ. ಇವತ್ತಿನ ರೈತರು ಹೊಲಕ್ಕೆ ಏನು ಹಾಕುತ್ತಾರೆ? ಸುಣ್ಣ. ಪಶ್ಚಿಮ ಡೆನ್ಮಾರ್ಕಿನ ಮಣ್ಣು ಮರಳು ಮಣ್ಣು, ಹುಳಿ ಗುಣದ್ದು. ಹುಳಿ ಮುರಿಯಲು ಸುಣ್ಣ ಹರಡುತ್ತಾರೆ. ಸುಣ್ಣದಲ್ಲಿ ಸಮುದ್ರದ ಕಾಲದ ಸ್ಟ್ರಾನ್ಷಿಯಂ ಇರುತ್ತದೆ, ಅನುಪಾತ ಕಡಿಮೆ. ಇಬ್ಬರೂ ಹೊಲಗಳಿರುವ ಕಡೆಯ ನೀರನ್ನೂ, ಬೇಸಾಯ ಮುಟ್ಟದ ಕಡೆಯ ನೀರನ್ನೂ ಅಳೆದರು. ಬೇಸಾಯ ಇಲ್ಲದ ಕಡೆ ಸಂಖ್ಯೆ ಮೇಲಿತ್ತು. ಆ ಸಂಖ್ಯೆಗಳಿಂದ ನಕ್ಷೆ ಮಾಡಿದರೆ, ಹುಡುಗಿ ದಿಬ್ಬದಿಂದ ಹತ್ತಾರು ಕಿಲೋಮೀಟರ್ ಒಳಗೇ ಬೆಳೆದಿರಬಹುದು. ಕಪ್ಪು ಕಾಡು ಬೇಕಾಗಿಯೇ ಇಲ್ಲ.

ಫ್ರೈ ತಂಡ ಒಪ್ಪಲಿಲ್ಲ. 2020ರಲ್ಲಿ ಉತ್ತರ ಬಂತು: ಸುಣ್ಣದ ಸ್ಟ್ರಾನ್ಷಿಯಂ ಮೇಲ್ಮಣ್ಣಿನಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ, ಆಳದ ನೀರಿಗೆ ಇಳಿಯುವುದಿಲ್ಲ ಅಂತ. ಆಮೇಲೂ ಮಾತು ಬೆಳೆದಿದೆ. ನನಗೆ ಕಾಣುವುದು ಇಷ್ಟು. ಹಲ್ಲಿನ ಅಳತೆಯ ಬಗ್ಗೆ ಇಬ್ಬರಿಗೂ ತಕರಾರಿಲ್ಲ. ಐದನೇ ದಶಾಂಶದವರೆಗೂ ಅದು ಸರಿ. ಜಗಳ ಇರುವುದು ಮೂರು ಸಾವಿರ ವರ್ಷದ ಹಿಂದಿನ ಹುಲ್ಲಿನ ಸಂಖ್ಯೆ ಎಷ್ಟಿತ್ತು ಅನ್ನುವುದರ ಬಗ್ಗೆ. ಆ ಹುಲ್ಲು ಈಗ ಇಲ್ಲ. ಇವತ್ತಿನ ಹುಲ್ಲಿನ ಕಾಲಡಿ ಗೊಬ್ಬರದ ಮೂಟೆ ಸುರಿದಿದೆ. ಮದುವೆಯ ಕಥೆಯಂತೂ ಸ್ಟ್ರಾನ್ಷಿಯಂ ಹೇಳಿದ್ದೇ ಅಲ್ಲ. ಅದನ್ನು ನಾವೇ ಸೇರಿಸಿಕೊಂಡೆವು.

ಗಟ್ಟಿಯಾಗಿ ನಿಂತ ಕೆಲವು

ಹಾಗಂತ ಎಲ್ಲವೂ ಹೀಗೇ ಅಲ್ಲಾಡುವುದಿಲ್ಲ. ಬೇರೆ ಸಾಕ್ಷಿಯೂ ಜೊತೆಗೆ ನಿಂತಾಗ ಈ ವಿಧಾನ ಚೆನ್ನಾಗಿ ದುಡಿಯುತ್ತದೆ.

ಜರ್ಮನಿಯ ಓಯ್ಲಾವ್‌ನಲ್ಲಿ 4,600 ವರ್ಷ ಹಿಂದಿನ ನಾಲ್ಕು ಗೋರಿಗಳಲ್ಲಿ 13 ಜನ ಒಟ್ಟಿಗೆ ಸಿಕ್ಕರು. ಹೆಚ್ಚಿನವರು ಹೆಂಗಸರು, ಮಕ್ಕಳು. ಒಬ್ಬ ಹೆಂಗಸಿನ ಬೆನ್ನುಮೂಳೆಯಲ್ಲಿ ಕಲ್ಲಿನ ಬಾಣದ ಮೊನೆ ಸಿಕ್ಕಿಕೊಂಡಿತ್ತು. ಯಾರೋ ದಾಳಿ ಮಾಡಿ ಕೊಂದಿದ್ದಾರೆ, ಉಳಿದವರು ಬಂದು ಅಕ್ಕರೆಯಿಂದ ಜೋಡಿಸಿ ಹೂತಿದ್ದಾರೆ, ಮುಖ ಮುಖ ನೋಡುವಂತೆ, ಕೈ ಕೈ ತಾಗುವಂತೆ. ಒಂದು ಗೋರಿಯಲ್ಲಿದ್ದ ನಾಲ್ವರು ಅಪ್ಪ, ಅಮ್ಮ, ಇಬ್ಬರು ಗಂಡುಮಕ್ಕಳು ಅಂತ 2008ರಲ್ಲಿ ಡಿಎನ್‌ಎ ತೋರಿಸಿತು. ಸ್ಟ್ರಾನ್ಷಿಯಂ ಇನ್ನೊಂದು ಮಾತು ಸೇರಿಸಿತು. ಗಂಡಸರು, ಮಕ್ಕಳು ಅಲ್ಲಿನ ನೆಲದವರು. ಹೆಂಗಸರು ಬೇರೆ ನೆಲದಲ್ಲಿ ಬೆಳೆದವರು. ಅಮ್ಮನ ಹಲ್ಲು ಒಂದು ಊರು, ಅವಳ ಪಕ್ಕದಲ್ಲಿ ಮಲಗಿದ ಮಕ್ಕಳ ಹಲ್ಲು ಇನ್ನೊಂದು ಊರು. ಅವಳು ತವರು ಬಿಟ್ಟು ಬಂದವಳು ಅಂತ ಇಲ್ಲಿ ಧೈರ್ಯವಾಗಿ ಹೇಳಬಹುದು, ಯಾಕೆಂದರೆ ಹೋಲಿಸಲು ಅವಳ ಮಕ್ಕಳೇ ಪಕ್ಕದಲ್ಲಿದ್ದಾರೆ.

ಸಿಂಧೂ ನಾಗರಿಕತೆಯ ಹರಪ್ಪ ಮತ್ತು ಫರ್ಮಾನಾದ ಸ್ಮಶಾನಗಳ ಹಲ್ಲುಗಳನ್ನು ಸ್ಟ್ರಾನ್ಷಿಯಂ ಜೊತೆ ಸೀಸದ ಐಸೋಟೋಪ್ ಕೂಡ ಸೇರಿಸಿ ಅಳೆದ ಅಧ್ಯಯನ 2015ರಲ್ಲಿ ಬಂತು. ಹರಪ್ಪದಲ್ಲಿ ಹೂತಿದ್ದ ಹಲವರು ಆ ನಗರದಲ್ಲಿ ಹುಟ್ಟಿದವರಲ್ಲ, ಚಿಕ್ಕಂದಿನಲ್ಲೇ ಬೇರೆ ಕಡೆಯಿಂದ ಬಂದವರು ಅನ್ನುವುದು ಅದರ ತೀರ್ಮಾನ. ಒಬ್ಬರದೇ ಹಲ್ಲಿನಲ್ಲಿ ಬೇಗ ಕಟ್ಟಿದ ಎನಾಮಲ್ ಒಂದು ಕಥೆ, ತಡವಾಗಿ ಕಟ್ಟಿದ್ದು ಇನ್ನೊಂದು ಕಥೆ. ಮಕ್ಕಳನ್ನು ಯಾರು ಕರೆತಂದರು, ಯಾಕೆ ತಂದರು ಅನ್ನುವುದು ಹಲ್ಲಿನಲ್ಲಿ ಇರುವುದಿಲ್ಲ. ಸಿಂಧೂ ನಗರಗಳ ಲಿಪಿಯೇ ಓದಲಾಗದಿರುವಾಗ, ಇಷ್ಟು ತಿಳಿದದ್ದೇ ದೊಡ್ಡದು ಅನ್ನಿಸುತ್ತದೆ.

ಸುಟ್ಟ ಶವದಲ್ಲಿ ಏನೂ ಉಳಿಯುವುದಿಲ್ಲ ಅಂತ ಬಹಳ ಕಾಲ ಅಂದುಕೊಂಡಿದ್ದರು. ಸುಟ್ಟಾಗ ಎನಾಮಲ್ ಸಿಡಿದು ಚೂರಾಗುತ್ತದೆ, ನಿಜ. ಆದರೆ ಚೆನ್ನಾಗಿ ಬೆಂದು ಬಿಳಿಯಾದ ಮೂಳೆಯ ಹರಳುಗಳು ಬಿಗಿದುಕೊಂಡು, ಮಣ್ಣಿನ ನೀರನ್ನು ಒಳಗೆ ಬಿಡದಷ್ಟು ಗಟ್ಟಿಯಾಗುತ್ತವೆ. 2018ರಲ್ಲಿ ಕ್ರಿಸ್ಟೋಫ್ ಸ್ನೂಕ್ ಮತ್ತು ಸಂಗಡಿಗರು ಇಂಗ್ಲೆಂಡಿನ ಸ್ಟೋನ್‌ಹೆಂಜ್ ಎಂಬ ಪ್ರಾಚೀನ ಕಲ್ಲುಗಳ ವೃತ್ತದಲ್ಲಿ ಸಿಕ್ಕ 25 ಜನರ ಸುಟ್ಟ ಮೂಳೆ ಅಳೆದರು. ಹತ್ತು ಜನ ಕೊನೆಯ ವರ್ಷಗಳಲ್ಲಿ ಅಲ್ಲಿನ ಸೀಮೆಸುಣ್ಣದ ಬಯಲಿನವರಾಗಿರಲಿಲ್ಲ. ಅವರಲ್ಲಿ ಕೆಲವರ ಸಂಖ್ಯೆ ಪಶ್ಚಿಮ ವೇಲ್ಸ್‌ಗೆ ಹೊಂದುತ್ತಿತ್ತು. ಸ್ಟೋನ್‌ಹೆಂಜ್‌ನ ನೀಲಿಗಲ್ಲುಗಳೂ ಬಂದದ್ದು ಅಲ್ಲಿಂದಲೇ. ಹೊಂದುತ್ತದೆ ಅಂದರೆ ಅಲ್ಲಿಂದಲೇ ಬಂದರು ಅಂತಲ್ಲ. ಆದರೂ ಕಲ್ಲುಗಳು ಆ ಕಡೆ ಬೆರಳು ತೋರಿಸುತ್ತಿರುವಾಗ ಸುಮ್ಮನಿರಲು ಯಾರಿಗೂ ಮನಸ್ಸಾಗುವುದಿಲ್ಲ, ಅಲ್ವಾ?

ಆಲ್ಪ್ಸ್ ಹಿಮದಲ್ಲಿ 1991ರಲ್ಲಿ ಶವವಾಗಿ ಸಿಕ್ಕ, ಐದು ಸಾವಿರ ವರ್ಷದ ಹಿಂದಿನ ಮನುಷ್ಯ ಓಟ್ಸಿಯದೂ ಹೀಗೇ. ಅವನ ಹಲ್ಲು, ಮೂಳೆಯ ಜೊತೆ ಕರುಳಿನಲ್ಲಿದ್ದ ಮೈಕಾದ ಚೂರುಗಳನ್ನೂ ನೋಡಿ, ಅವನು ಬದುಕಿದ್ದೆಲ್ಲ ಸತ್ತ ಜಾಗದಿಂದ ಸುಮಾರು 60 ಕಿಲೋಮೀಟರ್ ಒಳಗಿನ ಕಣಿವೆಗಳಲ್ಲಿ ಅಂತ 2003ರಲ್ಲಿ ಹೇಳಿದರು. ಅಲ್ಲಿ ಒಂದೊಂದು ಕಣಿವೆಗೆ ಒಂದೊಂದು ಬಗೆಯ ಬಂಡೆ ಇರುವುದರಿಂದ ಇದು ಸಾಧ್ಯವಾಯಿತು. ನೆಲ ಬೇಗ ಬೇಗ ಬದಲಾದಷ್ಟೂ ಸ್ಟ್ರಾನ್ಷಿಯಂಗೆ ಕಣ್ಣು ಚುರುಕು.

ಉತ್ತರ ಮೊದಲೇ ಗೊತ್ತಿರುವ ಮನುಷ್ಯನ ಮೇಲೂ ಪರೀಕ್ಷೆ ಆಗಿದೆ. ಇಂಗ್ಲೆಂಡಿನ ದೊರೆ ಮೂರನೇ ರಿಚರ್ಡ್‌ನ ಅಸ್ಥಿ 2012ರಲ್ಲಿ ಲೆಸ್ಟರ್ ನಗರದ ಕಾರು ನಿಲ್ದಾಣದ ಕೆಳಗೆ ಸಿಕ್ಕಿತು. ಅವನು ಹುಟ್ಟಿದ್ದು ಪೂರ್ವದ ಫಾದರಿಂಗೇ ಕೋಟೆಯಲ್ಲಿ ಅಂತ ಇತಿಹಾಸಕ್ಕೆ ಗೊತ್ತು. ಹಲ್ಲುಗಳು ಅದಕ್ಕೆ ಹೊಂದಿದವು. ಏಳು ವರ್ಷದೊಳಗೆ ಇನ್ನೂ ಪಶ್ಚಿಮಕ್ಕೆ, ಹಳೆಯ ಬಂಡೆಗಳಿರುವ, ಮಳೆ ಜಾಸ್ತಿ ಇರುವ ಕಡೆಗೆ ಹೋಗಿದ್ದ ಅಂತಲೂ ಹೇಳಿದವು.

ನಕ್ಷೆ ಬರೆಯುವವರು

ಈಗ ಜಾಸ್ತಿ ದುಡಿಮೆ ನಡೆಯುತ್ತಿರುವುದು ಹಲ್ಲಿನ ಮೇಲಲ್ಲ, ನೆಲದ ಮೇಲೆ. ಇಡೀ ಭೂಮಿಗೆ ಇಂಥ ನಕ್ಷೆಯೊಂದನ್ನು ಕಂಪ್ಯೂಟರಿನಿಂದ ಅಂದಾಜು ಮಾಡಿ 2020ರಲ್ಲಿ ಪ್ರಕಟಿಸಿದ್ದಾರೆ. ಆದರೆ ಅಂದಾಜಿಗೆ ಆಧಾರವಾದ ಅಳತೆಗಳು ಯುರೋಪಿನಲ್ಲಿ ದಟ್ಟ, ಆಫ್ರಿಕಾದಂಥ ಕಡೆ ತೀರಾ ವಿರಳವಾಗಿದ್ದವು.

ನಕ್ಷೆಯಲ್ಲಿ ಆಫ್ರಿಕಾದ ಆ ಖಾಲಿ ಜಾಗ ತುಂಬಲಿ ಅಂತ ಕಾಯುತ್ತಿದ್ದ ಹಲ್ಲುಗಳಿದ್ದವು. 1996ರಲ್ಲಿ ರಿಯೊ ಡಿ ಜನೈರೊದಲ್ಲಿ ಒಂದು ಮನೆ ರಿಪೇರಿ ಮಾಡಿಸುವಾಗ ನೆಲದ ಕೆಳಗೆ ಮನುಷ್ಯರ ಮೂಳೆ ಬಂದವು. ಅದು ಪ್ರೆಟೋಸ್ ನೋವೋಸ್ ಸ್ಮಶಾನ. ಆಫ್ರಿಕಾದಿಂದ ಹಡಗಿನಲ್ಲಿ ಗುಲಾಮರಾಗಿ ತಂದವರಲ್ಲಿ, ಮಾರಾಟವಾಗುವ ಮೊದಲೇ ಸತ್ತವರನ್ನು ಎಸೆದಂತೆ ಹೂತ ಜಾಗ. ಆ ಹಲ್ಲುಗಳ ಸ್ಟ್ರಾನ್ಷಿಯಂ ಅಳೆದಾಗ ಸಂಖ್ಯೆಗಳು ಒಂದಕ್ಕೊಂದು ತುಂಬಾ ದೂರ ದೂರ ಬಂದವು. ಬೇರೆ ಬೇರೆ ನೆಲದಿಂದ ಹಿಡಿದು ತಂದ ಜನ ಅನ್ನುವಷ್ಟು ಅದರಿಂದಲೇ ತಿಳಿಯುತ್ತಿತ್ತು. ಯಾವ ನೆಲ ಅನ್ನಲು ಹೋಲಿಸಿ ನೋಡುವ ನಕ್ಷೆ ಇರಲಿಲ್ಲ.

2024ರ ಕೊನೆಯಲ್ಲಿ ಸಹಾರಾದ ದಕ್ಷಿಣದ ಆಫ್ರಿಕಾಕ್ಕೆ ಅಂಥದ್ದೊಂದು ನಕ್ಷೆ ಪ್ರಕಟವಾಯಿತು. ಅದಕ್ಕಾಗಿ ಹಲವು ದೇಶಗಳ ಸಂಶೋಧಕರು ವರ್ಷಗಟ್ಟಲೆ ಗಿಡದ ಎಲೆ, ಮಣ್ಣು, ಚಿಪ್ಪು ಆರಿಸಿ ಚೀಲಕ್ಕೆ ತುಂಬಿ ಕಳಿಸಿದ್ದರು. ರಿಯೊದ ಈ ಹಲ್ಲುಗಳನ್ನೂ, ಅಮೆರಿಕದ ಚಾರ್ಲ್ಸ್‌ಟನ್ ನಗರದ ಇಂಥದ್ದೇ ಒಂದು ಸ್ಮಶಾನದ ಹಲ್ಲುಗಳನ್ನೂ ಅದರ ಮೇಲಿಟ್ಟು ನೋಡಿದರು. ಊರಿನ ಹೆಸರು ಈಗಲೂ ಬರಲಿಲ್ಲ. ಆದರೆ ಖಂಡದ ಪಶ್ಚಿಮ ಅಂಚಿನುದ್ದಕ್ಕೂ ಇದ್ದ ನೂರಾರು ಸಾಧ್ಯತೆಗಳಲ್ಲಿ ಒಂದೊಂದು ಹಲ್ಲಿಗೆ ಕೆಲವು ತುಂಡು ನೆಲ ಉಳಿದುಕೊಂಡವು, ಉಳಿದದ್ದೆಲ್ಲ ಅಳಿಸಿಹೋಯಿತು.